ಜಪಾನಿನಲ್ಲಿ ಒಡೆದ ಹನ್ನೊಂದು ಗಾಜು

ಹಾಸನ: ಹೋಗುವ ಮೊದಲೇ ಹಾರ

ವಿದೇಶಕ್ಕೆ ಹೋಗಿ ಬಂದವರಿಗೆ ಸನ್ಮಾನ ಮಾಡುವುದು ಎಲ್ಲ ಊರಲ್ಲೂ ಉಂಟು. ನಮ್ಮ ಹಾಸನದವರಿಗೆ ಅಷ್ಟು ಕಾಯುವ ತಾಳ್ಮೆ ಇಲ್ಲ. ನಾನು ಒಂದು ಸಮ್ಮೇಳನಕ್ಕೆಂದು ಜಪಾನಿಗೆ ಹೊರಡಲು ಇನ್ನೂ ಹತ್ತು ದಿನವಿತ್ತು, ವೀಸಾ ಕೂಡ ಕೈಗೆ ಬಂದಿರಲಿಲ್ಲ. ಅಷ್ಟರಲ್ಲೇ ಒಂದು ಸಂಘದವರು ನನ್ನನ್ನು ಹೊಳೆನರಸೀಪುರದಿಂದ ಕರೆಸಿ, ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟು ಫೋಟೊ ತೆಗೆಸಿದರು. ಅಧ್ಯಕ್ಷರು ನನ್ನನ್ನು 'ಗಾಜಿನಲ್ಲಿ ಕರೆಂಟು ಹರಿಸಿದ ಜಿಲ್ಲೆಯ ಹೆಮ್ಮೆ' ಎಂದರು. ಪೇಟ ಒಂದು ಸುತ್ತು ದೊಡ್ಡದಿತ್ತು. ಭಾಷಣದುದ್ದಕ್ಕೂ ಅದು ಹುಬ್ಬಿನ ಮೇಲೆ ಇಳಿಯುತ್ತಿತ್ತು, ನಾನು ಎತ್ತಿಕೊಳ್ಳುತ್ತಿದ್ದೆ.

ಅದೇ ಸಭೆಯಲ್ಲಿದ್ದ ಪ್ರೆಸ್ಸಿನ ಮಾಲೀಕರೊಬ್ಬರು ಅಭಿಮಾನದಿಂದ ನನಗೆ ಇನ್ನೂರು ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸಿಕೊಟ್ಟರು. ವರದರಾಜ, ಭೌತಶಾಸ್ತ್ರ ಅಧ್ಯಾಪಕ, ಅದರ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ 'ಫಾರಿನ್ ರಿಟರ್ನ್ಡ್'. ನಾನಿನ್ನೂ ಹೋಗೇ ಇಲ್ಲವಲ್ಲ ಎಂದೆ. ಹೇಗೂ ಹೋಗುತ್ತೀರಿ, ಹೇಗೂ ಬರುತ್ತೀರಿ, ಎರಡೆರಡು ಸಲ ಅಚ್ಚು ಹಾಕುವುದು ಯಾಕೆ ಎಂದರು ಅವರು. ನನಗೂ ಅದು ಸರಿಯೆನಿಸಿತು.

ಮುಂದೆ ಹೋಗುವ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಹಾಸನದಲ್ಲಿ ಹೇಳಲಿಲ್ಲ, ಇಲ್ಲಾದರೂ ಹೇಳುತ್ತೇನೆ. ಆ ಗಾಜನ್ನು ಮಾಡಿದವನು ನಾನಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ ಅದು. ರೇಡಿಯೊ, ಟಿ.ವಿ., ಕಂಪ್ಯೂಟರು ಎಲ್ಲದರ ಹೊಟ್ಟೆಯಲ್ಲೂ ಇರುವುದು ಕಪ್ಪು ಚೂರುಗಳು. ಅವುಗಳ ಮೂಲಕ ಆಚೆಯದು ಕಾಣುವುದಿಲ್ಲ. ಆದರೆ ಸತು, ತವರದಂಥ ಲೋಹಗಳ ಆಕ್ಸೈಡನ್ನು ಗಾಜಿನ ಮೇಲೆ ತೀರ ತೆಳ್ಳಗೆ ಕೂರಿಸಿದರೆ, ಗಾಜು ಗಾಜಿನ ಹಾಗೇ ಕಾಣುತ್ತದೆ, ಅದರಲ್ಲಿ ಕರೆಂಟೂ ಹರಿಯುತ್ತದೆ. ಇದು ಹಳೆಯ ಸಂಗತಿ. ಆಗ ಹೊಸದಾಗಿದ್ದದ್ದು, ಅದೇ ಬಗೆಯ ಪದರದಲ್ಲಿ ಕರೆಂಟನ್ನು ತಡೆಯುವ, ಬಿಡುವ ಸ್ವಿಚ್ಚನ್ನೂ ಮಾಡಬಹುದು ಎಂಬ ಸುದ್ದಿ. ಇಡೀ ಯಂತ್ರವೇ ಕಿಟಕಿಯ ಗಾಜಿನ ಹಾಗೆ ಆಗಿಬಿಡಬಹುದು ಎಂದು ದೊಡ್ಡ ದೊಡ್ಡ ದೇಶಗಳು ಕುಣಿಯುತ್ತಿದ್ದವು. ಆ ಕುಣಿತಕ್ಕೆ ಬೇಕಾದ ಮೊದಲ ಪದರವನ್ನು ನಮ್ಮ ಕಾಲೇಜಿನಲ್ಲಿ ಪುಡಿಗಾಸಿನ ಸಾಮಾನಿನಿಂದ ಮಾಡುತ್ತಿದ್ದವನು ಅಟೆಂಡರ್ ರುದ್ರಪ್ಪ.

ರುದ್ರಪ್ಪ ಅರಕಲಗೂಡಿನ ಕಡೆಯವನು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾನೆ. ಹಣೆಯ ತುಂಬ ವಿಭೂತಿ, ಬೆರಳ ತುದಿಗಳಲ್ಲಿ ಆಸಿಡ್ಡಿನ ಹಳದಿ ಕಲೆ. ಅರಕಲಗೂಡಿನ ಕ್ಷೌರದಂಗಡಿಯಿಂದ, ತಲೆಗೆ ನೀರು ಸಿಂಪಡಿಸುವ ಬಾಟಲಿಯೊಂದನ್ನು ಕೇಳಿ ತಂದಿದ್ದ. ಎಲೆಕ್ಟ್ರಿಕ್ ಒಲೆಯ ಮೇಲೆ ಗಾಜು ಕಾಯಿಸುವುದು, ತವರದ ದ್ರಾವಣವನ್ನು ಅದರ ಮೇಲೆ ಪುಸ್ ಎಂದು ಒಮ್ಮೆ ಸಿಂಪಡಿಸುವುದು, ಸ್ವಲ್ಪ ಹೊತ್ತು ತುಟಿ ಅಲುಗಿಸುತ್ತಾ ಸುಮ್ಮನೆ ನಿಲ್ಲುವುದು, ಮತ್ತೆ ಪುಸ್. ಸಂಜೆಯ ಹೊತ್ತಿಗೆ ಗಾಜು ತಯಾರು. ನಾನು ಪಕ್ಕದ ಕೋಣೆಯಲ್ಲಿ ಕೂತು ಅದನ್ನು ಅಳೆದು ಪ್ರಬಂಧ ಬರೆಯುತ್ತಿದ್ದೆ. ಒಂದು ದಿನ ಅವನು ಆ ಗಾಜಿಗೆ ತಂತಿ ಹಾಕಿ, ಅದು ಬೆಚ್ಚಗಾಗುತ್ತದೆಂದು ಅದರ ಮೇಲೆ ಕಾಫಿ ಲೋಟ ಇಟ್ಟುಕೊಂಡಿದ್ದ. ಪ್ರಯೋಗದ ಗಾಜಿನ ಮೇಲೆ ಎಂಜಲು ಲೋಟವೇ ಎಂದು ಚೆನ್ನಾಗಿ ಬೈದೆ. ಆಮೇಲೆ ಅದನ್ನೇ 'ಪಾರದರ್ಶಕ ಹೀಟರು' ಎಂದು ಪ್ರಬಂಧದಲ್ಲಿ ಸೇರಿಸಿದೆ.

ಪ್ರಬಂಧದಲ್ಲಿ ನನ್ನ ಹೆಸರಿತ್ತು, ಪ್ರಿನ್ಸಿಪಾಲರ ಹೆಸರಿತ್ತು. ಪ್ರಿನ್ಸಿಪಾಲರು ಅಕೌಂಟೆನ್ಸಿಯವರು. ರುದ್ರಪ್ಪನ ಹೆಸರು ಇರಲಿಲ್ಲ. ಅವನ ಹೆಸರಿಗೆ ಬೇರೆ ಜಾಗವಿತ್ತು. ಪ್ರಯೋಗಾಲಯದಲ್ಲಿ ಒಡೆದ ಸಾಮಾನು ಬರೆಯುವ ಬ್ರೇಕೇಜ್ ರಿಜಿಸ್ಟರು ಎಂಬ ಕೆಂಪು ರಟ್ಟಿನ ಪುಸ್ತಕ ಎಲ್ಲ ಕಾಲೇಜಿನಲ್ಲೂ ಇರುತ್ತದೆ. ಯಾವ ವಸ್ತು, ಯಾವ ತಾರೀಕು, ಒಡೆದವರು ಯಾರು. ಗಾಜು ಯಾರ ಕೈಯಲ್ಲಿ ಒಡೆದರೂ ನಾನು 'ರುದ್ರಪ್ಪ' ಎಂದೇ ಬರೆಯುತ್ತಿದ್ದೆ. ಹದಿನಾಲ್ಕು ವರ್ಷದಿಂದ ಹಾಗೇ ನಡೆದುಬಂದಿತ್ತು.

ಚನ್ನರಾಯಪಟ್ಟಣ: ಬಸ್ ಸ್ಟ್ಯಾಂಡು

ಬೆಂಗಳೂರು ಬಸ್ಸು ಹತ್ತಿಸಲು ರುದ್ರಪ್ಪ ಚನ್ನರಾಯಪಟ್ಟಣದವರೆಗೂ ಬಂದ. ಅವನ ಕೈಯಲ್ಲಿ ಬಿಸ್ಕತ್ತಿನ ಡಬ್ಬ, ಅದರೊಳಗೆ ಹತ್ತಿಯಲ್ಲಿ ಸುತ್ತಿದ ನಾಲ್ಕು ಗಾಜು. ತೆಂಗಿನಕಾಯಿ ಮೂಟೆಗಳ ನಡುವೆ ನಿಂತು ಡಬ್ಬವನ್ನು ಎದೆಗೆ ಅವುಚಿಕೊಂಡಿದ್ದ. ಜೊತೆಗೆ ಆ ಕ್ಷೌರದ ಬಾಟಲಿಯನ್ನೂ ನನ್ನ ಚೀಲಕ್ಕೆ ತುರುಕಿದ. ಇದು ಯಾಕೆ ಎಂದೆ.

"ಯಾರಾರ ಮಾಡ್ ತೋರ್ಸಿ ಅಂದ್ರೆ ಸಾ?"

ಸಮ್ಮೇಳನದಲ್ಲಿ ಮಾತು ಮಾತ್ರ ಇರುತ್ತದೆ, ಕೈಕೆಲಸ ಇರುವುದಿಲ್ಲ ಎಂದು ಅವನಿಗೆ ತಿಳಿಹೇಳಿದೆ. ಅವನು ತಲೆಯಾಡಿಸಿದ, ಬಾಟಲಿಯನ್ನು ಮಾತ್ರ ಹೊರಗೆ ತೆಗೆಯಲಿಲ್ಲ.

ಆಚೆ ಕಡೆಯ ವಿಮಾನ ನಿಲ್ದಾಣ

ಇಳಿದ ಕೂಡಲೇ ಸುಂಕದ ಅಧಿಕಾರಿ ಬಾಟಲಿಯನ್ನು ಎತ್ತಿ ಹಿಡಿದು ಇದೇನು ಎಂದ. ತವರದ ದ್ರಾವಣ, ಬಿಸಿ ಗಾಜು ಎಂದೆಲ್ಲ ವಿವರಿಸಲು ಹೊರಟೆ. ನನ್ನ ಇಂಗ್ಲಿಷು ಅವನಿಗೆ ತಿಳಿಯಲಿಲ್ಲ, ಅವನದು ನನಗೆ ತಿಳಿಯಲಿಲ್ಲ. ಕೊನೆಗೆ ಖಾಲಿ ಬಾಟಲಿಯನ್ನು ನನ್ನ ತಲೆಯ ಮೇಲೆ ಹಿಡಿದು ಪುಸ್ ಪುಸ್ ಎನ್ನಿಸಿ ತೋರಿಸಿದೆ. ಅವನು ನನ್ನ ಬೋಳು ನೆತ್ತಿಯನ್ನೊಮ್ಮೆ ನೋಡಿ, ಬಾಗಿ ನಮಸ್ಕರಿಸಿ, ಬಿಟ್ಟುಬಿಟ್ಟ. ಅವನು ಏನೆಂದುಕೊಂಡನೋ ಏನೋ.

ಮೊದಲ ದಿನ: ಹಣೆಯ ಬುಗುಟು

ಹೋಟೆಲಿನಲ್ಲಿ ಬೆಳಿಗ್ಗೆ ಗಡಿಬಿಡಿಯಿಂದ ಹೊರಟವನು ನೇರವಾಗಿ ಗಾಜಿನ ಬಾಗಿಲಿಗೆ ಹಣೆ ಜಜ್ಜಿಕೊಂಡೆ. ನನ್ನ ತಪ್ಪಲ್ಲ. ನಮ್ಮ ಕಡೆ ಗಾಜು ಎಂದರೆ ಕಣ್ಣಿಗೆ ಕಾಣುವ ವಸ್ತು. ಅದರ ಮೇಲೆ ಧೂಳಿರುತ್ತದೆ, ಬೆರಳಚ್ಚಿರುತ್ತದೆ, 'ತಳ್ಳಿರಿ' ಎಂದು ಬರೆದಿರುತ್ತದೆ, ಏನೂ ಇಲ್ಲದಿದ್ದರೆ ಹೋದ ವರ್ಷದ ಆರ್ಕೆಸ್ಟ್ರಾದ ಪೋಸ್ಟರಾದರೂ ಇರುತ್ತದೆ. ಇಲ್ಲಿ ಒರೆಸಿ ಒರೆಸಿ ಗಾಜನ್ನೇ ಮಾಯ ಮಾಡಿದ್ದರು. ಕೌಂಟರಿನ ಹುಡುಗಿ ಓಡಿ ಬಂದು ಗಾಜಿನ ಪರವಾಗಿ ಮೂರು ಸಲ ಬಾಗಿ ಕ್ಷಮೆ ಕೇಳಿದಳು. ಪಾರದರ್ಶಕ ವಸ್ತುಗಳ ತಜ್ಞನಾಗಿ ಬಂದಿದ್ದ ನಾನು ನಿಂಬೆಹಣ್ಣಿನ ಗಾತ್ರದ ಬುಗುಟು ಹೊತ್ತು ಸಮ್ಮೇಳನಕ್ಕೆ ಹೋದೆ.

ನನ್ನನ್ನು ಕರೆಸಿದ್ದವರು ತನಬೆ ಎಂಬ ಪ್ರೊಫೆಸರು. ಸಣ್ಣ ಆಳು, ಮೆಲುಮಾತು. ಅವರು ಎರಡೂ ಕೈಯಿಂದ ತಮ್ಮ ಕಾರ್ಡು ಕೊಟ್ಟರು. ನಾನೂ ಕೊಟ್ಟೆ. ಅಲ್ಲಿ ಕಾರ್ಡನ್ನು ಹಾಗೇ ಜೇಬಿಗೆ ಹಾಕುವಂತಿಲ್ಲ, ನಿಂತು ಪೂರ್ತಿ ಓದುವುದು ಮರ್ಯಾದೆ. ತನಬೆ ಓದಿದರು. 'ಫಾರಿನ್ ರಿಟರ್ನ್ಡ್' ಎಂಬಲ್ಲಿ ತಡೆದು, ಇದು ಯಾವ ಪದವಿ ಎಂದು ಗೌರವದಿಂದ ಕೇಳಿದರು. ನಮ್ಮಲ್ಲಿ ಅದು ಎಲ್ಲ ಪದವಿಗಿಂತ ದೊಡ್ಡದು ಎಂದೆ. ಅದೊಂದು ನಿಜವನ್ನೇ ಹೇಳಿದೆ.

ಅವರ ಪಕ್ಕದಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ನಿಂತಿದ್ದರು. ಹೆಸರು ಒಗಾವಾ. 'ಸಾನ್' ಎಂದು ಸೇರಿಸುವುದು ಅವರ ರೂಢಿ, ನಮ್ಮ 'ಅವರು' ಇದ್ದ ಹಾಗೆ. ಒಗಾವಾ ಸಾನ್ ಆ ಪ್ರಯೋಗಾಲಯದ ತಂತ್ರಜ್ಞೆ, ನಮ್ಮ ಲೆಕ್ಕದಲ್ಲಿ ರುದ್ರಪ್ಪ. ಆದರೆ ಪ್ರೊಫೆಸರು ಆಕೆಗೆ ದಾರಿ ಬಿಟ್ಟು ಹಿಂದೆ ನಡೆಯುತ್ತಿದ್ದರು. ಇದು ನನಗೆ ಅಷ್ಟು ಹಿಡಿಸಲಿಲ್ಲ.

ನನ್ನ ಬಿಸ್ಕತ್ತಿನ ಡಬ್ಬ ತೆರೆದು ನಾಲ್ಕು ಗಾಜನ್ನೂ ಮೇಜಿನ ಮೇಲಿಟ್ಟೆ. ಒಗಾವಾ ಸಾನ್ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಾಲ್ಕು ಚೀಟಿ ತಂದರು. ಅಲ್ಲಿ ಪ್ರತಿ ಗಾಜಿಗೂ ಒಂದು ಚೀಟಿ ಅಂಟಿಸುತ್ತಾರೆ, ಅದರಲ್ಲಿ 'ಮಾಡಿದವರು' ಎಂದು ಒಂದು ಗೆರೆ. ನಾಲ್ಕರಲ್ಲೂ ನಾನು ನನ್ನ ಹೆಸರು ಬರೆದೆ. ಬರೆಯುವಾಗ ಆಕೆ ಚೀಟಿಯನ್ನು ನೋಡುತ್ತಿರಲಿಲ್ಲ, ನನ್ನ ಬೆರಳುಗಳನ್ನು ನೋಡುತ್ತಿದ್ದರು. ನನ್ನ ಬೆರಳಲ್ಲಿ ಸೀಮೆಸುಣ್ಣದ ಕಲೆ ಬಿಟ್ಟರೆ ಬೇರೇನೂ ಇರುವುದಿಲ್ಲ.

ಎರಡನೆಯ ದಿನ: ಕಾಣದ ವಸ್ತುಗಳ ಪ್ರದರ್ಶನ

ದೊಡ್ಡ ಸಭಾಂಗಣದ ತುಂಬ ಮೇಜುಗಳು. ಪ್ರತಿ ಮೇಜಿನ ಮೇಲೂ ಒಂದು ಗಾಜಿನ ಬಿಲ್ಲೆ, ಅದರ ಮೇಲೊಂದು ಭೂತಗನ್ನಡಿ, ಪಕ್ಕದಲ್ಲಿ 'ಇಲ್ಲಿದೆ' ಎಂದು ಬಾಣದ ಗುರುತು. ಬಾಣ ಇಲ್ಲದಿದ್ದರೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ವೇದಿಕೆಯಲ್ಲೊಬ್ಬ ತರುಣ ಖಾಲಿ ಗಾಜನ್ನು ಎತ್ತಿ ಹಿಡಿದು ಇದರಲ್ಲಿ ಇಷ್ಟು ಸಾವಿರ ಸ್ವಿಚ್ಚುಗಳಿವೆ ಎಂದ. ಗಾಜಿನಾಚೆ ಅವನ ಟೈ ಸ್ಪಷ್ಟವಾಗಿ ಕಾಣುತ್ತಿತ್ತು. ಏನೂ ಕಾಣದಿದ್ದಷ್ಟೂ ಚಪ್ಪಾಳೆ ಜೋರಾಗಿತ್ತು.

ಆಮೇಲೆ ಇವು ಯಾತಕ್ಕೆ ಬರುತ್ತವೆ ಎಂಬ ಮಾತು ಶುರುವಾಯಿತು. ಕಾರಿನ ಮುಂದಿನ ಗಾಜಿನಲ್ಲೇ ವೇಗ, ದಾರಿ, ತಿರುವು ಎಲ್ಲ ಅಕ್ಷರದಲ್ಲಿ ಮೂಡುತ್ತವೆಯಂತೆ. ನನಗೆ ಚನ್ನರಾಯಪಟ್ಟಣದಲ್ಲಿ ಹತ್ತಿದ ಬಸ್ಸು ನೆನಪಾಯಿತು. ಅದರ ಮುಂದಿನ ಗಾಜಿನ ಮೇಲೆ ಆಗಲೇ ಇಬ್ಬರು ದೇವರು, ಮಾಲೀಕರ ಮೂವರು ಮಕ್ಕಳ ಹೆಸರು, ಪ್ಲಾಸ್ಟಿಕ್ ಹೂವಿನ ಹಾರ, ನಿಂಬೆಹಣ್ಣು, ಮೆಣಸಿನಕಾಯಿ ಎಲ್ಲ ಇದ್ದವು. ಡ್ರೈವರಿಗೆ ಉಳಿದದ್ದು ಅಂಗೈ ಅಗಲದ ಕಿಂಡಿ. ಜಪಾನಿನವರು ಅಕ್ಷರ ಮೂಡಿಸಬೇಕಾದರೆ ಮೊದಲು ಮಾಲೀಕರ ಒಂದು ಮಗುವಿನ ಹೆಸರು ಅಳಿಸಬೇಕು.

ಅಂಗಡಿಯ ಗಾಜಿನ ಮೇಲೇ ಜಾಹೀರಾತು ಓಡುತ್ತದಂತೆ, ಹಿಂದೆ ಇಟ್ಟ ಸಾಮಾನೂ ಕಾಣುತ್ತಿರುತ್ತದಂತೆ. ಸ್ನಾನದ ಮನೆಯ ಕನ್ನಡಿ ಹಲ್ಲುಜ್ಜುವವನಿಗೆ ಸುದ್ದಿ ಓದಿಸುತ್ತದಂತೆ. ಕಿಟಕಿಯ ಗಾಜು ಬಿಸಿಲು ಕುಡಿದು ಕರೆಂಟು ಕೊಡುತ್ತದಂತೆ. ಇದೊಂದನ್ನು ಕೇಳಿ ನಾನು ಕಿವಿ ನಿಮಿರಿಸಿದೆ. ನಮ್ಮೂರಿನಲ್ಲಿ ಬಿಸಿಲಿಗೇನೂ ಕೊರತೆ ಇಲ್ಲ, ಕೊರತೆ ಕರೆಂಟಿನದೇ. ಅದು ಯಾವಾಗ ಬರುತ್ತದೆ ಎಂದು ಕೇಳಿದೆ. ಇನ್ನು ಹತ್ತು ಹದಿನೈದು ವರ್ಷ ಎಂದರು. ನಮ್ಮ ಕಡೆ ಹೋದ ಕರೆಂಟಿನ ವಿಚಾರ ಕೇಳಿದರೂ ಹೀಗೇ ಹೇಳುತ್ತಾರೆ.

ಕೊನೆಗೆ ಒಬ್ಬರು ಮನೆಯ ಕಿಟಕಿಯನ್ನೇ ಟಿ.ವಿ. ಮಾಡುತ್ತೇವೆ ಎಂದು ಘೋಷಿಸಿದರು. ನಿಮ್ಮ ದೇಶದಲ್ಲಿ ಇದು ನಡೆಯುತ್ತದೆಯೇ ಎಂದು ನನ್ನನ್ನು ಕೇಳಿದರು. ನಮ್ಮದು ನರಸಿಂಹಸ್ವಾಮಿ ದೇವಸ್ಥಾನದ ಬೀದಿ. ಅಲ್ಲಿ ಕಿಟಕಿ ಈಗಲೇ ಟಿ.ವಿ. ಯಾರ ಮನೆಗೆ ಯಾರು ಬಂದರು, ಯಾವ ಪಾತ್ರೆ ಹೊರಗೆ ಹೋಯಿತು, ಯಾವ ಹುಡುಗಿಯನ್ನು ನೋಡಲು ಎಷ್ಟು ಜನ ಬಂದರು, ಎಲ್ಲ ನೇರಪ್ರಸಾರ. ನಿಮ್ಮ ಯಂತ್ರ ಬಂದರೆ ಅದನ್ನು ಆರಿಸಿ ಹೊರಗೆ ನೋಡುತ್ತಾರೆ ಎಂದೆ. ಯಾರೂ ನಗಲಿಲ್ಲ, ಬರೆದುಕೊಂಡರು.

ನನ್ನ ಭಾಷಣ ಚೆನ್ನಾಗಿಯೇ ಆಯಿತು. ಗಾಜಿಗೆ ಬ್ಯಾಟರಿ ಕೊಟ್ಟು ಅದರ ಮೇಲೆ ನೀರಿನ ಲೋಟ ಬೆಚ್ಚಗೆ ಮಾಡಿ ತೋರಿಸಿದೆ. ಎರಡು ದಿನದಲ್ಲಿ ಕಣ್ಣಿಗೆ ಕಾಣುವಂಥ ಕೆಲಸ ಮಾಡಿದ ಗಾಜು ಅದೊಂದೇ ಆದ್ದರಿಂದ ಜನ ಮುಗಿಬಿದ್ದರು. ಆಗ ತನಬೆ ಎದ್ದು ನಿಂತು, ನಾಳೆ ವರದರಾಜರು ನಮ್ಮ ಪ್ರಯೋಗಾಲಯದಲ್ಲಿ ತಮ್ಮ ಕೈಯಾರೆ ಒಂದು ಗಾಜು ಮಾಡಿ ತೋರಿಸುತ್ತಾರೆ, ಅದನ್ನು ನಾಳಿದ್ದು ಪ್ರದರ್ಶನಕ್ಕಿಡುತ್ತೇವೆ ಎಂದುಬಿಟ್ಟರು. ಮತ್ತೆ ಚಪ್ಪಾಳೆ. ನಾನು ಎದ್ದು ನಿಂತು ಕೈ ಮುಗಿದೆ.

ಮೂರನೆಯ ದಿನ: ಒಂದು ಡಜನ್

ಒಗಾವಾ ಸಾನ್ ಎಲ್ಲವನ್ನೂ ಜೋಡಿಸಿಟ್ಟಿದ್ದರು. ಒಲೆ, ದ್ರಾವಣ, ತೊಳೆದ ಹನ್ನೆರಡು ಗಾಜು, ನಮ್ಮ ಕ್ಷೌರದ ಬಾಟಲಿ. ಪಕ್ಕದ ಕಪಾಟಿನಲ್ಲಿ ಉದ್ದನೆಯ ಪೆಟ್ಟಿಗೆಯೊಂದಿತ್ತು. ಕೆಲಸ ಶುರುಮಾಡುವ ಮುನ್ನ ತನಬೆ ಅದನ್ನು ತೆರೆದು ತೋರಿಸಿದರು. ಅದರ ತುಂಬ ಗಾಜಿನ ಚೂರು. ನನ್ನ ಪ್ರಬಂಧ ಓದಿ ಒಗಾವಾ ಸಾನ್ ಎರಡು ತಿಂಗಳಿಂದ ಈ ಗಾಜು ಮಾಡಲು ಪ್ರಯತ್ನಿಸಿದ್ದರಂತೆ. ಎಲ್ಲ ಒಡೆದವು, ಒಡೆಯದವು ಸುಣ್ಣ ಬಳಿದ ಹಾಗೆ ಬೆಳ್ಳಗಾದವು. ಒಡೆದ ಚೂರುಗಳಿಗೂ ಅವರಲ್ಲಿ ಚೀಟಿ ಅಂಟಿಸುತ್ತಾರೆ. ಎಲ್ಲದರಲ್ಲೂ 'ಮಾಡಿದವರು: ಒಗಾವಾ'. ಪ್ರಬಂಧ ಸರಿಯಾಗಿಯೇ ಇದೆ, ತನ್ನ ಕೈಯೇ ಹಳೆಯದಾಯಿತು, ಈ ಪ್ರದರ್ಶನ ಮುಗಿದ ಮೇಲೆ ಕೆಲಸ ಬಿಡುತ್ತೇನೆ ಎಂದು ಆಕೆ ಹೇಳುತ್ತಿದ್ದಾರೆ, ನೀವು ಮಾಡುವುದನ್ನು ನೋಡಿದರೆ ತಪ್ಪು ಎಲ್ಲಿದೆ ಎಂದು ತಿಳಿದೀತು ಎಂದರು ತನಬೆ.

ಪ್ರಬಂಧದಲ್ಲಿ ನಾನು ಬರೆದದ್ದು, ಒಂದು ಸಿಂಪಡಣೆಗೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ಸೆಕೆಂಡು ಬಿಡಬೇಕು ಎಂದು. ರುದ್ರಪ್ಪ ಎಷ್ಟು ಬಿಡುತ್ತಾನೆಂದು ನಾನು ಅವನನ್ನು ಕೇಳಿರಲಿಲ್ಲ. ಎದ್ದು ಹೋಗಿ ಪಕ್ಕದ ಕೋಣೆಯಲ್ಲಿ ಕೇಳುವುದಕ್ಕೆ ಸೋಮಾರಿತನ. ಬೇರೆ ಯಾರದೋ ಪ್ರಬಂಧದಲ್ಲಿ ಇಪ್ಪತ್ತು ಎಂದಿತ್ತು, ಅದನ್ನೇ ಎತ್ತಿ ಇಟ್ಟೆ.

ಈಗ ಆ ಇಪ್ಪತ್ತನ್ನೇ ನಂಬಿ ಕೆಲಸಕ್ಕೆ ಇಳಿದೆ. ಮೊದಲ ಗಾಜು ಮೂರನೇ ಪುಸ್ಸಿಗೆ ಟಣ್ ಎಂದು ಎರಡು ಹೋಳಾಯಿತು. ನಿಮ್ಮ ಗಾಜಿನ ಗುಣ ಬೇರೆ ಎಂದೆ. ಎರಡನೆಯದಕ್ಕೆ ಒಲೆ ಬೇರೆ ಎಂದೆ. ಮೂರನೆಯದಕ್ಕೆ ನಿಮ್ಮ ದೇಶದ ಗಾಳಿ ಬೇರೆ ಎಂದೆ. ಆಮೇಲೆ ಕಾರಣ ಹೇಳುವುದನ್ನು ಬಿಟ್ಟು ಒಡೆಯುವುದನ್ನಷ್ಟೇ ಮಾಡಿದೆ. ನಾನು ಒಡೆದಾಗಲೆಲ್ಲ ಒಗಾವಾ ಸಾನ್ ಚೂರುಗಳನ್ನು ಎತ್ತಿ ಒಂದು ತಟ್ಟೆಗೆ ಹಾಕಿ, ಹೊಸ ಗಾಜನ್ನು ಎರಡೂ ಕೈಯಿಂದ ಕೊಡುತ್ತಿದ್ದರು. ಆಕೆಯ ಮುಖದಲ್ಲಿ ಒಂದಿಷ್ಟೂ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಹನ್ನೊಂದು ಒಡೆದಿದ್ದವು, ಒಂದು ಉಳಿದಿತ್ತು.

ನಮ್ಮ ಪ್ರಯೋಗಾಲಯಕ್ಕೆ ಒಂದು ಫೋನು ಮಾಡಬೇಕು ಎಂದೆ. ಹೊಳೆನರಸೀಪುರದಲ್ಲಿ ಆಗ ಬೆಳಿಗ್ಗೆ ಹತ್ತೂವರೆ. ಫೋನು ಎತ್ತಿದವರು ಪ್ರಿನ್ಸಿಪಾಲರು. ಕ್ಯಾಮೆರಾ ತಗೊಂಡಿರಾ ಎಂದು ಕೇಳಿದರು. ರುದ್ರಪ್ಪನನ್ನು ಕರೆಯಿರಿ ಎಂದರೆ, ಅವನ್ಯಾಕೆ, ಎಲ್ಲ ನಮ್ಮ ಪ್ರಬಂಧದಲ್ಲೇ ಇದೆಯಲ್ಲ ನೋಡಿಕೊಳ್ಳಿ ಎಂದರು. ಅದನ್ನು ನೋಡಿಕೊಂಡೇ ಈ ಗತಿಯಾಯಿತು ಎಂದು ಹೇಳಬೇಕಾಯಿತು. ಕೊನೆಗೆ ರುದ್ರಪ್ಪ ಬಂದ. ಗಾಜು ಒಡೆಯುತ್ತಿದೆ ಎಂದೆ.

"ಎಷ್ಟೊತ್ತು ಬುಟ್ಟು ಒಡೀತಿದ್ದೀರಿ ಸಾ ಬಾಟ್ಲೀಲಿ?"

"ಇಪ್ಪತ್ತು ಸೆಕೆಂಡು."

"ಇಪ್ಪತ್ತಾ? ಅದ್ಯಾರ್ ಸಾ ಯೇಳಿದ್ದು?"

ಪ್ರಬಂಧದಲ್ಲಿದೆ ಎಂದೆ. ಅದು ಇಂಗ್ಲೀಸು, ನಂಗೆ ಓದಕ್ ಬರಾಕಿಲ್ಲ ಎಂದ. ಹಾಗಾದರೆ ನೀನು ಎಷ್ಟು ಬಿಡುತ್ತೀಯ ಎಂದು, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದೆ.

"ನಮಃ ಶಿವಾಯ ಅಂತ ಇಪ್ಪತ್ತೊಂದ್ ಕಿತ ಅಂತೀನಿ ಸಾ. ಉಸ್ರು ಬುಟ್ಕಂಡು ನಿದಾನಕ್ಕೆ. ಅಷ್ಟೊತ್ತಿಗೆ ತಣ್ಗಾಗಿದ್ ಗಾಜು ತಿರ್ಗ ಕಾಯ್ತದೆ. ಅವಸ್ರ ಮಾಡುದ್ರೆ ಒಡ್ಕತದೆ."

ಅವನ ತುಟಿ ಯಾಕೆ ಅಲುಗುತ್ತಿತ್ತು ಎಂಬುದು ಆಗ ತಿಳಿಯಿತು. ನಾನು ಇಷ್ಟು ವರ್ಷ ಅದನ್ನು ನನ್ನನ್ನು ಬೈಯುತ್ತಿದ್ದಾನೆ ಎಂದುಕೊಂಡಿದ್ದೆ. ಇನ್ನೊಂದು ವಿಷಯ ಕೇಳುವುದಿತ್ತು. ಅವನ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ, ಅದನ್ನು ಹೇಳು ಎಂದೆ.

"ಯಾಕ್ ಸಾ? ಅಲ್ಲಿ ಒಡ್ದೋಗಿರೋವ್ನೂ ನನ್ ಯೆಸ್ರಿಗೇ ಬರ್ಕತೀರಾ?"

ಅವನು ತಮಾಷೆಗೆ ಹೇಳಲಿಲ್ಲ. ನಿಜವಾಗಿ ಕೇಳಿದ. ನನಗೆ ನಾಚಿಕೆಯಾಯ್ತು. ಒಂದು ಸಮುದ್ರ ದಾಟಿ ಬಂದು, ತಲೆ ತಗ್ಗಿಸಿ, ಗೋಡೆಗೆ ಮುಖ ಮಾಡಿ ನಿಂತು, ಇಲ್ಲಪ್ಪ, ಒಡೆಯದೆ ಉಳಿದ ನಿನ್ನ ನಾಲ್ಕಕ್ಕೆ ಬರೆಯುವುದಕ್ಕೆ ಎಂದೆ. ಅವನು ಊರಿನ ಹೆಸರು, ತಂದೆಯ ಹೆಸರು ಸೇರಿಸಿ ಪೂರ್ತಿ ಹೇಳಿದ. ನಾನು ಅಂಗೈ ಮೇಲೆ ಬರೆದುಕೊಂಡೆ.

ತಿರುಗಿ ಬಂದು ತನಬೆಯವರಿಗೆ ಹೇಳಿದೆ. ಪ್ರಬಂಧದ ಇಪ್ಪತ್ತು ಸುಳ್ಳು, ಅದು ನಾನು ಅಳೆದದ್ದಲ್ಲ, ಕದ್ದದ್ದು. ಈ ಗಾಜು ಮಾಡಿದವನೂ ನಾನಲ್ಲ. ಒಗಾವಾ ಸಾನ್ ಅವರ ಕೈಯಲ್ಲಿ ಯಾವ ತಪ್ಪೂ ಇಲ್ಲ. ತನಬೆ ಅದನ್ನು ತಮ್ಮ ಭಾಷೆಯಲ್ಲಿ ಆಕೆಗೆ ಹೇಳಿದರು. ಆಕೆ ಉಳಿದ ಒಂದು ಗಾಜನ್ನು ಎತ್ತಿಕೊಂಡರು. ಈ ಸಲ ನನ್ನ ಕೈಗೆ ಕೊಡಲಿಲ್ಲ, ತಾವೇ ಒಲೆಯ ಮೇಲಿಟ್ಟರು.

ರುದ್ರಪ್ಪನ ಇಪ್ಪತ್ತೊಂದು ಎಷ್ಟು ಸೆಕೆಂಡು ಎಂದು ನಾನು ಅಳೆದಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ಬಾಯಿಬಿಟ್ಟು ಹೇಳತೊಡಗಿದೆ. ನಮ್ಮದು ಮೂರು ನಾಮದ ಮನೆತನ. ನಮ್ಮ ಅಜ್ಜ ಶಿವನ ಗುಡಿಯ ಮುಂದೆ ಹೋಗುವಾಗ ಅದು ಕಣ್ಣಿಗೆ ಬೀಳದಿರಲೆಂದು ಕೈಯಲ್ಲಿದ್ದ ಪಂಚಾಂಗದ ಕಡೆ ನೋಡಿಕೊಂಡು ಹೋಗುತ್ತಿದ್ದವರು. ಅವರ ಮೊಮ್ಮಗ ಜಪಾನಿನಲ್ಲಿ ನಿಂತು ನಮಃ ಶಿವಾಯ, ನಮಃ ಶಿವಾಯ ಎಂದು ಬೆರಳು ಮಡಿಸಿ ಎಣಿಸುತ್ತಿದ್ದ. ಇಪ್ಪತ್ತೊಂದು ಆದಾಗ ತಲೆಯಾಡಿಸುತ್ತಿದ್ದೆ, ಒಗಾವಾ ಸಾನ್ ಪುಸ್ ಎನ್ನಿಸುತ್ತಿದ್ದರು. ಐದಾರು ಸುತ್ತಾದ ಮೇಲೆ ನಾನು ತಲೆಯಾಡಿಸುವ ಮೊದಲೇ ಆಕೆಯ ಬೆರಳು ಒತ್ತತೊಡಗಿತು. ಸಂಜೆ ಆ ಗಾಜನ್ನು ಕಿಟಕಿಗೆ ಹಿಡಿದಾಗ ಆಚೆಯ ಮರದ ಎಲೆ ಎಲೆಯೂ ಕಾಣುತ್ತಿತ್ತು, ಮೀಟರಿನ ಮುಳ್ಳು ಸರಿಯಾದ ಜಾಗಕ್ಕೆ ಬಂದು ನಿಂತಿತ್ತು. ಆಕೆ ಮುಖ ಆ ಕಡೆ ತಿರುಗಿಸಿ ಕನ್ನಡಕ ಒರೆಸಿಕೊಂಡರು.

ಅಷ್ಟಾದ ಮೇಲೆ ಚೀಟಿಗಳ ಕಟ್ಟು ತಂದರು. ಮೊದಲ ದಿನದ ನಾಲ್ಕು ಚೀಟಿ ಕಿತ್ತು ರುದ್ರಪ್ಪನ ಹೆಸರು ಬರೆದೆ. ಹನ್ನೆರಡನೆಯದಕ್ಕೆ ಆಕೆ ತಮ್ಮ ಹೆಸರು ಬರೆದರು. ಮುಗಿಯಿತು ಎಂದು ನಾನು ಏಳುವಷ್ಟರಲ್ಲಿ ಚೂರುಗಳ ತಟ್ಟೆಯನ್ನು ನನ್ನ ಮುಂದಿಟ್ಟು, ಹನ್ನೊಂದು ಚೀಟಿ ಎಣಿಸಿ ಕೊಟ್ಟು, ಬಾಗಿ ನಮಸ್ಕರಿಸಿದರು. ಹನ್ನೊಂದು ಸಲ ವರದರಾಜ ಎಂದು ಬರೆಯುವ ಹೊತ್ತಿಗೆ ಕೈ ನೋಯುತ್ತಿತ್ತು.

ನಾಲ್ಕನೆಯ ದಿನ

ಪ್ರದರ್ಶನದಲ್ಲಿ ಐದು ಗಾಜೂ ಸಾಲಾಗಿದ್ದವು. ಜನ ಬಂದು ಚೀಟಿ ಓದಿ, ಡಾಕ್ಟರ್ ರುದ್ರಪ್ಪ ಬಂದಿದ್ದಾರೆಯೇ ಎಂದು ನನ್ನನ್ನು ಕೇಳುತ್ತಿದ್ದರು. ಇಲ್ಲ, ಇವತ್ತು ಅವರಿಗೆ ಕಾಲೇಜಿನ ಗಂಟೆ ಬಾರಿಸುವ ಸರದಿ ಎಂದೆ. ಅದನ್ನೂ ಬರೆದುಕೊಂಡರು.

ಹೊಳೆನರಸೀಪುರ

ಊರಿಗೆ ಬಂದ ಮೇಲೆ ಇನ್ನೊಂದು ಸನ್ಮಾನವಾಯಿತು. ಈ ಸಲ ಪೇಟ ಸರಿಯಾಗಿ ಕೂತಿತು. ಚೀಟಿಯ ವಿಷಯ ವೇದಿಕೆಯಲ್ಲಿ ಹೇಳಿದೆ. ಎಂಥ ದೊಡ್ಡತನ ನೋಡಿ, ಅಟೆಂಡರಿನ ಹೆಸರೂ ಎತ್ತುತ್ತಾರೆ ಎಂದು ನನ್ನನ್ನೇ ಇನ್ನಷ್ಟು ಹೊಗಳಿದರು. ರುದ್ರಪ್ಪ ಹಿಂದಿನ ಸಾಲಿನಲ್ಲಿ ಕುರ್ಚಿ ಜೋಡಿಸುತ್ತಿದ್ದ.

ಮಾರನೆಯ ದಿನ ಅವನಿಗೆ ಜಪಾನಿನ ಕತೆ ಹೇಳಿ, ಮುಂದಿನ ಪ್ರಬಂಧದಲ್ಲಿ ನಿನ್ನ ಹೆಸರೂ ಹಾಕುತ್ತೇನೆ ಎಂದೆ. ಅವನಿಗೆ ಅದು ಅಷ್ಟು ನಾಟಲಿಲ್ಲ. ಅವನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ.

"ಆ ಇಪ್ಪತ್ನ ಮೊದ್ಲು ಒಡ್ದಾಕ್ಸಿ ಸಾ. ಆಯಮ್ಮ ಎರಡ್ ತಿಂಗ್ಳು ತನ್ನ ಕೈನೇ ಬೈಕಂಡವ್ರೆ. ಇನ್ ಎಷ್ಟ್ ಜನ ಬೈಕತಾವ್ರೋ."

ಪ್ರಬಂಧಕ್ಕೆ ಹೆಸರು ಸೇರಿಸುವುದು ಸುಲಭ, ನನ್ನ ಸುಳ್ಳನ್ನು ನಾನೇ ಹೊಡೆದುಹಾಕುವುದು ಕಷ್ಟ. ಇದು ಅವನಿಗೂ ಗೊತ್ತಿತ್ತು ಎಂದು ಕಾಣುತ್ತದೆ. ಒಂದು ವಾರ ಮುಂದೂಡಿ, ಎಂಟನೆಯ ದಿನ ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ತಿದ್ದುಪಡಿ ಬರೆದೆ. ಮಂತ್ರದ ಲೆಕ್ಕ ಅಚ್ಚು ಹಾಕಲಾಗುವುದಿಲ್ಲ, ಸೆಕೆಂಡಿನಲ್ಲಿ ಕೊಡಿ ಎಂದು ಸಂಪಾದಕರು ಉತ್ತರ ಕಳಿಸಿದರು. ಹಾಗಾಗಿ ನಾನು ಸ್ಟಾಪ್‌ವಾಚು ಹಿಡಿದು, ಮೊದಲ ಸಲ ನಮ್ಮದೇ ಪ್ರಯೋಗಾಲಯದ ಒಲೆಯ ಮುಂದೆ ನಿಂತೆ. ಅಂಗಿಯ ಜೇಬಿನಲ್ಲಿ ಹಾಸನದ ಕಾರ್ಡುಗಳಿದ್ದವು. ಈಗ ಅವುಗಳಲ್ಲಿ ಅಚ್ಚಾದದ್ದೆಲ್ಲ ನಿಜವಾಗಿತ್ತು.

ರುದ್ರಪ್ಪ ಎಣಿಸಿದ, ನಾನು ಅಳೆದೆ. ಹತ್ತು ಸಲ ಅಳೆದು ಬರೆದುಕೊಂಡೆ. ಕೊನೆಗೆ ಅವನು ಬಾಟಲಿ ನನ್ನ ಕೈಗೆ ಕೊಟ್ಟು, ಒಂದ್ ಕಿತ ನೀವೇ ಮಾಡಿ ನೋಡಿ ಎಂದ. ನಾನು ಒಂದು ಕೈಯಲ್ಲಿ ಬಾಟಲಿ, ಒಂದು ಕೈಯಲ್ಲಿ ಗಡಿಯಾರ ಹಿಡಿದು ನಿಂತೆ. ಗಡಿಯಾರ ನೋಡುತ್ತಾ ನೋಡುತ್ತಾ ಬಾಟಲಿಯನ್ನು ಗಾಜಿಗೆ ತೀರ ಹತ್ತಿರ ತಂದಿದ್ದೆ. ದ್ರಾವಣವೆಲ್ಲ ಒಂದೇ ಕಡೆ ಸುರಿದು ಗಾಜು ಟಣ್ ಎಂದಿತು.

ರುದ್ರಪ್ಪ ಕಪಾಟಿನಿಂದ ಕೆಂಪು ರಟ್ಟಿನ ಪುಸ್ತಕ ತಂದು, ಪುಟ ತೆರೆದು, ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದಿಟ್ಟ. ಯಾವಾಗಲೂ ಹಾಗೇ ಮಾಡುತ್ತಿದ್ದ. ಪುಟದ ಮೇಲಿನಿಂದ ಕೆಳಗಿನವರೆಗೆ ನನ್ನ ಕೈಬರಹದಲ್ಲಿ ಅವನ ಹೆಸರೇ ಇತ್ತು. ಹಿಂದಿನ ಪುಟದಲ್ಲೂ ಅದೇ, ಅದರ ಹಿಂದಿನದರಲ್ಲೂ ಅದೇ. ನಾನು ಕೊನೆಯ ಸಾಲಿನಲ್ಲಿ 'ಗಾಜು, ಒಂದು' ಎಂದು ಬರೆದು, ಒಡೆದವರು ಎಂಬಲ್ಲಿ 'ವರದರಾಜ' ಎಂದು ಬರೆದು ಪುಸ್ತಕ ತಳ್ಳಿದೆ.

ಅವನು ಕಣ್ಣಿಗೆ ಹತ್ತಿರ ಹಿಡಿದು ಅಕ್ಷರ ಅಕ್ಷರ ಕೂಡಿಸಿ ಓದಿದ. ಮತ್ತೊಂದು ಸಲ ಓದಿದ. ಆಮೇಲೆ ಪುಸ್ತಕವನ್ನು ಮತ್ತೆ ನನ್ನ ಕಡೆ ತಿರುಗಿಸಿದ.

"ತಾರೀಕು ಆಕಿಲ್ಲ ಸಾ."